ಪಿಂಚಣಿ ಒಬ್ಬರಿಗೆ, ಪ್ರವಾಸ ಇಬ್ಬರಿಗೆ

(ಕಟ್ಟೆಮಳಲವಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಈ ದತ್ತಿಯನ್ನು ಇಟ್ಟಿರುವವರು ಗಂಡ ಹೆಂಡತಿ ಇಬ್ಬರು. ತಮ್ಮ ಹೆಸರನ್ನು ಮೈಕಿನಲ್ಲಿ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿದ್ದಾರೆ, ಹೇಳುವುದಿಲ್ಲ. ಅವರು ಕೊಟ್ಟ ವಿಷಯವನ್ನು ಹೇಳಬಹುದು: ನಿವೃತ್ತ ದಂಪತಿಗಳ ಪ್ರವಾಸ ಮತ್ತು ನೆಂಟಸ್ತಿಕೆ. ದತ್ತಿ ಉಪನ್ಯಾಸವೆಂದರೆ ವಚನ, ಜಾನಪದ, ಇತಿಹಾಸ ಎಂದು ನಡೆದುಬಂದಿರುವಾಗ ಈ ವಿಷಯ ತುಸು ಹಗುರವಾಯಿತೇನೋ ಎಂದು ಸಂಘಟಕರಲ್ಲಿ ಒಬ್ಬರು ನನ್ನ ಕಿವಿಯಲ್ಲಿ ಹೇಳಿದರು. ನನಗೆ ಹಾಗನ್ನಿಸಲಿಲ್ಲ. ನಾನು ಸಾಹಿತಿಯಲ್ಲ. ಖಜಾನೆಯಲ್ಲಿ ಪಿಂಚಣಿ ಕಡತಗಳ ಮುಂದೆ ಕೂತು ನೌಕರಿ ಸವೆಸಿದವನು. ಬೇರೆಯವರ ನಿವೃತ್ತಿಯ ಲೆಕ್ಕ ಹಾಕುತ್ತ ಹಾಕುತ್ತಲೇ ನನ್ನದೂ ಬಂತು. ಹಾಗಾಗಿ ಈ ವಿಷಯದಲ್ಲಿ ನನಗೆ ಒಂದು ಮಾತು ಹೇಳುವುದಿದೆ, ಮೊದಲೇ ಹೇಳಿಬಿಡುತ್ತೇನೆ.

ನೌಕರಿಯಿಂದ ನಿವೃತ್ತಿಯಾಗುವವನು ಸಾಮಾನ್ಯವಾಗಿ ಗಂಡ. ಅವನಿಗೆ ಒಂದು ತಾರೀಖಿದೆ, ಆ ದಿನ ಹಾರ ಹಾಕಿ ಶಾಲು ಹೊದಿಸುತ್ತಾರೆ. ಮನೆ ನಡೆಸಿದ ಹೆಂಡತಿಗೆ ಅಂಥ ತಾರೀಖು ಬರುವುದೇ ಇಲ್ಲ. ಹಾರ ಹಾಕಿಸಿಕೊಂಡು ಬಂದವನು ಮಾರನೇ ದಿನದಿಂದ ಮೂರು ಹೊತ್ತೂ ಮನೆಯಲ್ಲೇ ಇರುತ್ತಾನೆ. ಹತ್ತು ಗಂಟೆಗೊಂದು, ನಾಲ್ಕು ಗಂಟೆಗೊಂದು ಕಾಫಿ ಹೆಚ್ಚಾಗುತ್ತದೆ. ಅವಳಿಗೆ ಒಲೆಯ ಮುಂದಿನಿಂದ ಬಿಡುಗಡೆ ಸಿಗುವುದು ಊರು ಬಿಟ್ಟು ಹೊರಟ ದಿನ ಮಾತ್ರ. ನಿವೃತ್ತ ದಂಪತಿಯ ಪ್ರವಾಸ ಚೆನ್ನಾಗಿತ್ತೋ ಇಲ್ಲವೋ ಎಂದು ತಿಳಿಯಬೇಕಾದರೆ, ಅಷ್ಟು ದಿನದಲ್ಲಿ ಅವಳು ಎಷ್ಟು ಹೊತ್ತು ಸುಮ್ಮನೆ ಕೂತಿದ್ದಳು ಎಂದು ಕೇಳಬೇಕು. ನನ್ನ ಉಪನ್ಯಾಸ ಇಷ್ಟೇ. ಇನ್ನು ಮುಂದಿನದು ಅದರ ವಿಸ್ತಾರ.

ಈ ಊರಲ್ಲಿ ನಿಂತು ಈ ಮಾತು ಹೇಳುವುದಕ್ಕೆ ಕಾರಣವೂ ಇದೆ. ನಿಮ್ಮ ಕಟ್ಟೆಗೆ ಬರುವ ಹೊಳೆ ಲಕ್ಷ್ಮಣತೀರ್ಥ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪಿನಲ್ಲಿ ಧುಮುಕಿ, ನಾಗರಹೊಳೆಯ ಕಾಡು ಹಾದು ಹುಣಸೂರು ಸೀಮೆಗೆ ಇಳಿದು, ಹನಗೋಡಿನಲ್ಲೂ ಇಲ್ಲೂ ಅಣೆಕಟ್ಟೆಗೆ ಸಿಕ್ಕಿ ಗದ್ದೆಗೆ ನೀರಾಗಿ, ಉಳಿದದ್ದು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ. ಸೀತೆಯನ್ನು ಹುಡುಕುತ್ತ ಬಂದ ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬೆಟ್ಟಕ್ಕೆ ಬಾಣ ಬಿಟ್ಟು ತರಿಸಿದ ನೀರು ಇದು ಎಂದು ಇರ್ಪಿನಲ್ಲಿ ಹೇಳುತ್ತಾರೆ. ಅತ್ತ ಕೆ.ಆರ್. ನಗರದ ಚುಂಚನಕಟ್ಟೆಗೆ ಹೋದರೆ ಅಲ್ಲಿಯೂ ಇದೇ ಕಥೆಯ ಇನ್ನೊಂದು ತುಂಡು: ವನವಾಸದಲ್ಲಿದ್ದ ಮೂವರನ್ನು ಚುಂಚ ಮತ್ತು ಚುಂಚಿ ಎಂಬ ಕಾಡಿನ ದಂಪತಿ ತಮ್ಮಲ್ಲಿ ಇಳಿಸಿಕೊಂಡರಂತೆ. ಅಲ್ಲಿಯ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಗಡೆಗೆ ನಿಂತಿದ್ದಾಳೆ. ಗಂಡನ ಜೊತೆ ಊರೂರು ನೋಡಿದವಳಿಗೆ ನಮ್ಮ ಜನ ಬಲಗಡೆಯ ಜಾಗ ಕೊಟ್ಟಿದ್ದಾರೆ ಎಂದು ನಾನು ತಿಳಿದುಕೊಂಡಿದ್ದೇನೆ. ಹದಿನಾಲ್ಕು ವರ್ಷ ತಿರುಗಿದ ಲಕ್ಷ್ಮಣನಿಗೆ ಒಂದು ಹೊಳೆಯೇ ಇದೆ. ಅಷ್ಟೂ ವರ್ಷ ಅಯೋಧ್ಯೆಯಲ್ಲಿ ಉಳಿದು ಅತ್ತೆಯರನ್ನು ನೋಡಿಕೊಂಡ ಊರ್ಮಿಳೆಯ ಹೆಸರಿನಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕಿನಲ್ಲಿ ಒಂದು ಕೆರೆಯನ್ನೂ ನಾನು ಕಂಡಿಲ್ಲ. ನಮ್ಮ ಮನೆಗಳಲ್ಲಿ ಸೀತೆಯರಿಗಿಂತ ಊರ್ಮಿಳೆಯರೇ ಹೆಚ್ಚು.

ಹಿಂದೆ ನಮ್ಮ ಕಡೆ ಊರು ನೋಡುವುದೂ ನೆಂಟರ ಮನೆಗೆ ಹೋಗುವುದೂ ಬೇರೆ ಬೇರೆ ಕೆಲಸವಾಗಿರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಚುಂಚನಕಟ್ಟೆಯ ದನಗಳ ಜಾತ್ರೆ. ಎತ್ತು ಕೊಳ್ಳಲು ಹೋದವರು ದಾರಿಯಲ್ಲಿ ಅಕ್ಕನ ಮನೆಯಲ್ಲಿ ಉಂಡು ಮಲಗಿ ಬರುತ್ತಿದ್ದರು. ಶಿವರಾತ್ರಿಯಿಂದ ಯುಗಾದಿವರೆಗೆ ಕಪ್ಪಡಿಯಲ್ಲಿ ರಾಚಪ್ಪಾಜಿಯ ಜಾತ್ರೆ. ಕಾವೇರಿ ದಂಡೆಯಲ್ಲಿ ಬಿಡಾರ ಹಾಕಿ, ನೆಂಟರಿಷ್ಟರನ್ನು ಕರೆದು, ಪಂಕ್ತಿ ಕೂರಿಸಿ ಬಡಿಸಿದರೇ ಹರಕೆ ಸಂದಂತೆ. ಹಬ್ಬದಲ್ಲಿ ಹೆಣ್ಣುಮಕ್ಕಳು ತವರಿಗೆ ಬರುತ್ತಿದ್ದರು, ಹೋಗುವಾಗ ಮಡ್ಲಕ್ಕಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಇದೆಲ್ಲ ಸೊಗಸೇ. ಆದರೆ ಒಂದನ್ನು ಗಮನಿಸಿ: ಎಲ್ಲಿಗೆ ಹೋದರೂ ಒಲೆ ಜೊತೆಯಲ್ಲೇ ಹೋಗುತ್ತಿತ್ತು. ಕಪ್ಪಡಿಗೆ ಹೋದ ಹೆಂಗಸು ಮೂರು ಕಲ್ಲು ಹೂಡಿ, ಹೊಗೆ ಕುಡಿದು, ಮನೆಯಲ್ಲಿ ಹತ್ತು ಜನಕ್ಕೆ ಮಾಡುತ್ತಿದ್ದ ಅಡುಗೆಯನ್ನು ಅಲ್ಲಿ ಐವತ್ತು ಜನಕ್ಕೆ ಮಾಡುತ್ತಿದ್ದಳು. ಜಾತ್ರೆ ಹೇಗಿತ್ತವ್ವ ಎಂದು ಕೇಳಿದರೆ ಸಾರು ಸಾಲಲಿಲ್ಲ ಎಂದು ಹೇಳುತ್ತಿದ್ದಳು.

ಬೇಸಾಯಗಾರ ದಂಪತಿಗಂತೂ ನಿವೃತ್ತಿಯೇ ಇಲ್ಲ, ಬಿಡುವಿನ ತಿಂಗಳಿದೆ ಅಷ್ಟೆ. ನಮ್ಮದು ಹೊಗೆಸೊಪ್ಪಿನ ಸೀಮೆ. ಬೇಸಿಗೆಯಲ್ಲಿ ಸಸಿಮಡಿ, ಮಳೆಗಾಲದಲ್ಲಿ ಸೊಪ್ಪು ಮುರಿದು ಒಣಗಿಸಲು ಬ್ಯಾರನ್‌ಗೆ ಏರಿಸುವುದು, ರಾತ್ರಿಯೆಲ್ಲ ಬೆಂಕಿ ಕಾಯುವುದು, ಆಮೇಲೆ ಹರಾಜು ಮಾರುಕಟ್ಟೆ. ಅದು ಮುಗಿಯುವುದಕ್ಕೂ ಮತ್ತೆ ಮಡಿ ಹಾಕುವುದಕ್ಕೂ ನಡುವೆ ಸಿಗುವ ಕೆಲವು ವಾರಗಳಲ್ಲೇ ಧರ್ಮಸ್ಥಳ, ತಿರುಪತಿ, ಮಾದಪ್ಪನ ಬೆಟ್ಟ ಎಲ್ಲವೂ ಆಗಬೇಕು. ವೃದ್ಧರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಬರುವ ತಿಂಗಳಿಗೆ 1,200 ರೂಪಾಯಿಯಲ್ಲಿ ಮಾತ್ರೆ ಕೊಂಡ ಮೇಲೆ ಏನು ಉಳಿಯುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ.

ನೌಕರಿಯವರ ಸ್ಥಿತಿ ಅದಕ್ಕಿಂತ ಮೇಲು. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಲ್ಲಿ 58ರಿಂದ 60ಕ್ಕೆ ಏರಿತು. ಪೂರ್ಣ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನದ ಶೇ. 50 ಪಿಂಚಣಿ; ಅವರು ತೀರಿಕೊಂಡರೆ ಹೆಂಡತಿಗೆ ಶೇ. 30 ಕುಟುಂಬ ಪಿಂಚಣಿ. 2006ರ ಏಪ್ರಿಲ್ 1ರಿಂದ ಈಚೆಗೆ ನೌಕರಿಗೆ ಸೇರಿದವರು ಹೊಸ ಪಿಂಚಣಿ ವ್ಯವಸ್ಥೆಗೆ ಬಂದರು. ಈ ಲೆಕ್ಕದ ಹಿಂದೆ ಇರುವ ಮುಖಗಳನ್ನು ನಾನು ಪ್ರತಿ ನವೆಂಬರಿನಲ್ಲಿ ನೋಡುತ್ತಿದ್ದೆ. ಬದುಕಿದ್ದೇವೆ ಎಂಬ ಪ್ರಮಾಣಪತ್ರ ಕೊಡಲು ಅವರೆಲ್ಲ ಬರುವ ತಿಂಗಳು ಅದು. ಮೇಷ್ಟರೊಬ್ಬರ ಹೆಂಡತಿ, ಆ ಹೊತ್ತಿಗೆ ವಿಧವೆ, ಕೌಂಟರಿನ ಮುಂದೆ ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದ್ದು ನನಗೆ ಹಾಗೇ ನೆನಪಿದೆ: “ಅವ್ರಿದ್ದಾಗ ಹೋಗಣ ಹೋಗಣ ಅಂದ್ಕಂಡೇ ಕಾಲ ಕಳೆದೋಯ್ತು ಸಾರ್. ಈಗ ದುಡ್ಡು ತಿಂಗ್ಳ ತಿಂಗ್ಳ ಬ್ಯಾಂಕಿಗೆ ಬೀಳ್ತದೆ, ಕರ್ಕಂಡೋಗೋರು ಯಾರು?” ದುಡ್ಡಿಲ್ಲದ ಕಾಲದಲ್ಲಿ ದುಡ್ಡಿಲ್ಲ ಎಂದು ನಿಂತ ಪ್ರಯಾಣ, ದುಡ್ಡು ಬಂದ ಕಾಲದಲ್ಲಿ ಜೊತೆ ಇಲ್ಲ ಎಂದು ನಿಂತಿತು. ಶೇ. 50ಕ್ಕೂ ಶೇ. 30ಕ್ಕೂ ನಡುವೆ ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿರುವ ಕೆಲವು ವರ್ಷಗಳಿವೆ. ಅವು ಯಾವ ಕಡತದಲ್ಲೂ ನಮೂದಾಗುವುದಿಲ್ಲ. ಈ ಉಪನ್ಯಾಸ ಆ ವರ್ಷಗಳ ಕುರಿತು.

ಮೈಸೂರಿನ ಡಿ. ಕೃಷ್ಣಕುಮಾರ್ ಅವರ ವಿಷಯ ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ತಂದೆ ತೀರಿಕೊಂಡ ಮೇಲೆ ಒಮ್ಮೆ ತಾಯಿ ಚೂಡಾರತ್ನ ಅವರನ್ನು ಯಾವ ಯಾವ ಕ್ಷೇತ್ರ ನೋಡಿದ್ದೀಯಮ್ಮ ಎಂದು ಕೇಳಿದಾಗ, ಹತ್ತಿರದ ಬೇಲೂರನ್ನೂ ನೋಡಿಲ್ಲ ಎಂಬ ಉತ್ತರ ಬಂತು. ಕೂಡುಕುಟುಂಬದ ಅಡುಗೆಮನೆಯಲ್ಲೇ ಅವರ ಆಯಸ್ಸು ಕಳೆದಿತ್ತು. ಮಗ ನೌಕರಿ ಬಿಟ್ಟು, ಅಪ್ಪ ಕೊಡಿಸಿದ್ದ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿಯನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಮೈಸೂರಿನಿಂದ ಹೊರಟರು. ದೇಶವಷ್ಟೇ ಅಲ್ಲ, ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ತೋರಿಸಿದರು. ಈ ಕಥೆಯನ್ನು ಎಲ್ಲರೂ ಮಗನ ಮಾತೃಭಕ್ತಿಯ ಕಥೆಯಾಗಿ ಹೇಳುತ್ತಾರೆ, ಅದು ಹೌದು. ಆದರೆ ಅದರೊಳಗೆ ಇನ್ನೊಂದು ಇದೆ. ಎಪ್ಪತ್ತರ ಆಸುಪಾಸಿನ ತಾಯಿ ಸ್ಕೂಟರಿನ ಹಿಂದೆ ಕೂತು ಸಾವಿರಾರು ಕಿಲೋಮೀಟರು ಹೋದರು ಎಂದರೆ ಮೈಯಲ್ಲಿ ಕಸುವೂ ಮನಸ್ಸಿನಲ್ಲಿ ಆಸೆಯೂ ಇದ್ದವು. ಮೈಸೂರಿನಿಂದ ಬೇಲೂರಿಗೆ ಅರ್ಧ ದಿನದ ದಾರಿ ಮಾತ್ರ. ಅಷ್ಟು ಹತ್ತಿರದ್ದು ಅಷ್ಟು ವರ್ಷ ದೂರವಾಗಿಯೇ ಉಳಿಯಿತು.

ಮಗ ಬಂದು ಕರೆದೊಯ್ಯುವತನಕ ಕಾಯುವುದು ಎಲ್ಲರಿಗೂ ಆಗುವ ಮಾತಲ್ಲ. ಕೊಚ್ಚಿಯಲ್ಲಿ ಸಣ್ಣ ಕಾಫಿ ಅಂಗಡಿ ಇಟ್ಟಿದ್ದ ವಿಜಯನ್ ಮತ್ತು ಮೋಹನಾ ಎಂಬ ದಂಪತಿ ದಿನದ ವ್ಯಾಪಾರದಲ್ಲಿ ಇಷ್ಟಿಷ್ಟು ಎತ್ತಿಟ್ಟು, ಸಾಲದ್ದಕ್ಕೆ ಸಾಲ ಮಾಡಿ, ತೀರಿಸಿ, ಮತ್ತೆ ಹೊರಟು ಇಪ್ಪತ್ತೈದಕ್ಕೂ ಹೆಚ್ಚು ದೇಶ ನೋಡಿದರು. ವಿಜಯನ್ 2021ರ ನವೆಂಬರಿನಲ್ಲಿ ತೀರಿಕೊಂಡರು. ಅಂಗಡಿಯಲ್ಲಿ ಇಬ್ಬರೂ ದುಡಿಯುತ್ತಿದ್ದರು, ಹೊರಟಾಗ ಇಬ್ಬರೂ ಬಾಗಿಲು ಎಳೆದುಕೊಂಡು ಹೊರಡುತ್ತಿದ್ದರು. ದುಡಿಮೆಯಲ್ಲಿ ಸಮಪಾಲು ಇದ್ದ ಕಡೆ ಬಿಡುವಿನಲ್ಲೂ ಸಮಪಾಲು ಬಂತು.

ನಮ್ಮ ಕಡೆ ಆ ಸಮಪಾಲನ್ನು ಬಸ್ಸು ತರುತ್ತಿದೆ. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲೆ ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ನೀವೇ ನೋಡಿದ್ದೀರಿ. ಕಂಡಕ್ಟರು ಬಂದರೆ ಹೆಂಡತಿ ಬ್ಯಾಗಿನಿಂದ ಆಧಾರ್ ಕಾರ್ಡು ತೆಗೆದು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟು ಪಡೆಯುತ್ತಾಳೆ. ಪಕ್ಕದಲ್ಲಿ ಕೂತ ಯಜಮಾನರು ಹಿರಿಯ ನಾಗರಿಕರ ಗುರುತಿನ ಚೀಟಿ ಹುಡುಕಿ, ಶೇ. 25 ಕಳೆದು ಉಳಿದದ್ದನ್ನು ಎಣಿಸಿಕೊಡುತ್ತಾರೆ. ಇಷ್ಟು ಕಾಲ ಹೆಂಡತಿಯ ಟಿಕೆಟು ಮೇಲಿನ ಖರ್ಚಾಗಿತ್ತು. ಈಗ ಖರ್ಚಿನ ಬಾಬ್ತಿನಲ್ಲಿ ಬರುವವರು ಗಂಡ. ಖಜಾನೆಯವನಿಗೆ ಇದು ಬಹಳ ದೊಡ್ಡ ತಿದ್ದುಪಡಿಯಾಗಿ ಕಾಣುತ್ತದೆ. ಯಾಕೆಂದರೆ ಎಲ್ಲಿಗೆ ಹೋಗಬೇಕು ಎಂಬ ಮಾತು ಮೊದಲ ಸಲ ಅವಳ ಬಾಯಿಂದ ಹೊರಟಿದೆ. ರೈಲಿನಲ್ಲಿ ಆದದ್ದು ಇದಕ್ಕೆ ವಿರುದ್ಧ. ಅರವತ್ತು ದಾಟಿದ ಗಂಡಸರಿಗೆ ಶೇ. 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ. 50 ಇದ್ದ ರಿಯಾಯಿತಿಯನ್ನು 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ನಿಲ್ಲಿಸಲಾಯಿತು. ದೂರದ ಪ್ರಯಾಣಕ್ಕೆ ಹೊರಡುವ ಹಿರಿಯರಿಗೆ ಅದರ ಪೆಟ್ಟು ಬಿದ್ದಿದೆ.

ಹಾಗಾದರೆ ಹತ್ತಿರದಿಂದ ಶುರು ಮಾಡೋಣ. ಬೆಳಿಗ್ಗೆ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಬರಬಹುದಾದ ಜಾಗಗಳೇ ನಮ್ಮ ಸುತ್ತ ಎಷ್ಟಿವೆ! ನನ್ನದೊಂದು ಸೂತ್ರ: ಮಂಡಿ ಇರುವಾಗ ಬೆಟ್ಟ, ಮಂಡಿ ಹೋದ ಮೇಲೆ ಹೊಳೆ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟಕ್ಕೆ ಸಾವಿರಾರು ಮೆಟ್ಟಿಲು. ಅದನ್ನು ನಿವೃತ್ತಿಯಾದ ಮೊದಲ ವರ್ಷವೇ ಹತ್ತಿಬಿಡಬೇಕು, ಎಪ್ಪತ್ತಕ್ಕೆ ಎತ್ತಿಡಬಾರದು. ಶ್ರವಣಬೆಳಗೊಳದ ಬಂಡೆಯ ಮೆಟ್ಟಿಲು ಆಗುವುದಿಲ್ಲ ಎನ್ನುವವರು ಬಿಳಿಕೆರೆ ಕಡೆಯ ಗೊಮ್ಮಟಗಿರಿಗೆ ಹೋಗಬಹುದು. ಅದೇ ಬಾಹುಬಲಿ, ಗುಡ್ಡ ಚಿಕ್ಕದು, ಗದ್ದಲವಿಲ್ಲ. ಶ್ರಾವಣದಲ್ಲಿ ಚುಂಚನಕಟ್ಟೆಯಲ್ಲಿ ಕಾವೇರಿ ಬೀಳುವುದನ್ನು ನೋಡಲು ಹತ್ತಿ ಇಳಿಯುವ ಶ್ರಮವೇ ಇಲ್ಲ. ಗುಡಿಯ ಪ್ರಾಕಾರದಲ್ಲೆಲ್ಲ ಕಿವಿ ತುಂಬುವ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳುವುದಿಲ್ಲ ಎನ್ನುತ್ತಾರೆ, ಹೋದವರು ನಿಂತು ಕೇಳಿ ನೋಡಿ. ಕುಶಾಲನಗರದ ಬಸ್ಸು ಹತ್ತಿ ಕೊಪ್ಪದಲ್ಲಿ ಇಳಿದು ಆಟೊ ಹಿಡಿದರೆ ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ಮಠ. 1963ರಲ್ಲಿ ಶುರುವಾದ ಮಠದಲ್ಲಿ 1999ರಲ್ಲಿ ತೆರೆದ ಚಿನ್ನದ ಗುಡಿಯೊಳಗೆ ಚಾಪೆಯ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಯಾರೂ ಏಳಿ ಎನ್ನುವುದಿಲ್ಲ.

ಬೈಲಕುಪ್ಪೆಗೆ ಹೋದಾಗ ಅಲ್ಲಿಯ ಮುದುಕ ಮುದುಕಿಯರನ್ನೂ ನೋಡಿ. ಜಪಮಾಲೆ ಎಣಿಸುತ್ತ, ಪ್ರಾರ್ಥನಾ ಚಕ್ರ ತಿರುಗಿಸುತ್ತ ಗುಡಿಗೆ ಸುತ್ತು ಹಾಕುತ್ತಿರುತ್ತಾರೆ. 1959ರ ನಂತರ ಟಿಬೆಟ್ ಬಿಟ್ಟು ಬಂದವರು, ಅವರ ಮಕ್ಕಳು. ಹುಟ್ಟಿದ ಊರಿಗೆ ಒಮ್ಮೆ ಹೋಗಿ ಬರೋಣ ಎಂದು ಅವರು ಹೊರಡುವ ಹಾಗಿಲ್ಲ. ಎಚ್.ಡಿ. ಕೋಟೆ ಕಡೆಯಲ್ಲಿ 1974ರಲ್ಲಿ ಕಬಿನಿ ಕಟ್ಟೆ ಮುಗಿದಾಗ ಮುಳುಗಿದ ಊರುಗಳ ಹೆಣ್ಣುಮಕ್ಕಳಿಗೆ ತವರೆಂದರೆ ಹಿನ್ನೀರು. ನಮಗೆ ಹೋಗಲು ಊರಿದೆ, ಬಾಗಿಲು ತೆರೆಯುವ ಅಣ್ಣತಮ್ಮಂದಿರಿದ್ದಾರೆ. ಆದರೂ ಮಂಡಿ ನೋವು ಎಂದು, ಮೊಬೈಲಿನಲ್ಲೇ ಮಾತಾಡಿದ್ದೇವಲ್ಲ ಎಂದು ನಾವು ಮನೆಯಲ್ಲೇ ಕೂರುತ್ತೇವೆ.

ಈಗ ನೆಂಟರ ಮನೆಗೆ ಬರೋಣ. ಇಲ್ಲಿಯೇ ನನ್ನ ತಕರಾರು ಇರುವುದು. ದಂಪತಿ ನೆಂಟರ ಮನೆಗೆ ಹೋದರು ಎನ್ನಿ. ಗಂಡನಿಗೆ ಕುರ್ಚಿ, ಪೇಪರು, ಕಾಫಿ. ಹೆಂಡತಿ ತಂದ ಅವರೆಕಾಯಿಯ ಚೀಲವನ್ನು ಇಳಿಸಿ ಕೈಕಾಲು ತೊಳೆದು ನೇರ ಒಳಗೆ ಹೋಗುತ್ತಾಳೆ. “ಅಯ್ಯೋ ಬುಡಕ್ಕ, ಕೂತ್ಕಳಿ” ಎಂದು ನಾದಿನಿ ಹೇಳುತ್ತಾಳೆ. ಹೇಳುತ್ತಲೇ ಚಾಕು ಕೈಗೆ ಬರುತ್ತದೆ. ಅರ್ಧ ಗಂಟೆಯಲ್ಲಿ ಇಬ್ಬರೂ ಅವರೆಕಾಳು ಹಿಸುಕುತ್ತಿರುತ್ತಾರೆ. ಆ ಹಿಸುಕುವ ಹೊತ್ತಿನಲ್ಲಿ ನಡೆಯುವ ಮಾತಿನಷ್ಟು ಹಿತವಾದದ್ದು ಅವರಿಗೆ ಬೇರೆ ಇಲ್ಲ, ಅದನ್ನು ನಾನು ಬಲ್ಲೆ. ಮಾತು ಬೇಕು, ಮೂವತ್ತು ಜನರ ಪಾತ್ರೆ ಬೇಡ. ನೆಂಟರು ಬಂದರೆಂದು ಒಬ್ಬಟ್ಟು, ಕಡುಬು, ಬಾಡೂಟ ಎಂದು ಹೂಡುವ ಮನೆಯಲ್ಲಿ ಎರಡು ಮನೆಯ ಹೆಂಗಸರೂ ದಣಿಯುತ್ತಾರೆ, ಬಂದವಳು ನೋಡಲು ಬಂದ ಊರನ್ನು ಕಿಟಕಿಯಿಂದ ನೋಡಿ ಹೋಗುತ್ತಾಳೆ.

ಕಾಶಿಯೂ ಹೀಗೆಯೇ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿ ದರ್ಶನದ ಭಾರತ್ ಗೌರವ್ ರೈಲು ಹೊರಟಿತು, ರಾಜ್ಯ ಸರ್ಕಾರ ಒಬ್ಬೊಬ್ಬರಿಗೆ 5,000 ರೂಪಾಯಿ ಸಹಾಯಧನ ಕೊಟ್ಟಿತು. ಎಷ್ಟೋ ದಂಪತಿಗಳ ಬಯಕೆ ತೀರಿತು. ಗಂಗೆಯಲ್ಲಿ ಮುಳುಗಿ, ಕಾಶಿದಾರ, ಗಂಗೆಯ ಗಿಂಡಿ ತಂದರು. ಆದರೆ ಊರಿಗೆ ಬಂದು ಗಂಗಾಪೂಜೆ ಮಾಡಿ ನೆಂಟರಿಗೆ ಊಟ ಹಾಕುವತನಕ ನಮ್ಮಲ್ಲಿ ಕಾಶಿಯಾತ್ರೆ ಪೂರ್ತಿಯಾಗುವುದಿಲ್ಲ. ಪುಣ್ಯವನ್ನು ಹಂಚಿ ಉಣ್ಣಬೇಕೆಂಬ ಈ ಪದ್ಧತಿ ನನಗೆ ಬಹಳ ಇಷ್ಟ. ಆ ಊಟವನ್ನು ಕಾಶಿಗೆ ಹೋಗಿ ಬಂದವಳೇ ಬೇಯಿಸಬೇಕು ಎಂಬುದು ಮಾತ್ರ ಇಷ್ಟವಿಲ್ಲ.

ಇನ್ನು ವಿದೇಶ ಪ್ರವಾಸ. ಹಾಸನ ಜಿಲ್ಲೆಯ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು, 1904ರಲ್ಲಿ ಹುಟ್ಟಿದವರು, ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋಗಿ ಬಂದು ಬರೆದ ‘ಅಮೆರಿಕಾದಲ್ಲಿ ಗೊರೂರು’ ಪುಸ್ತಕಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೇಮಾವತಿ ದಂಡೆಯ ಹಳ್ಳಿಯವರು ಆ ದೇಶವನ್ನು ಕಣ್ಣರಳಿಸಿ ನೋಡಿ, ನಕ್ಕು, ನಗಿಸಿ ಬಂದರು. ಈಗ ನಮ್ಮ ಹುಣಸೂರಿನ ಬೀದಿಗಳಿಂದಲೂ ಅಮೆರಿಕಕ್ಕೆ ಹೋಗುತ್ತಾರೆ. ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ. ಆ ಆರು ತಿಂಗಳು ಹೆಚ್ಚಾಗಿ ಮಗಳ ಅಥವಾ ಸೊಸೆಯ ಹೆರಿಗೆಗೆ ಹೊಂದಿಕೊಂಡೇ ಬರುತ್ತವೆ. ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಓಂಕಾಳು, ಮಗುವಿಗೆ ನೀರು ಹಾಕುವ ಎಣ್ಣೆ. ಗಂಡ ಪಾರ್ಕಿನಲ್ಲಿ ವಾಕಿಂಗು ಹೋಗಿ ಇತರ ಕನ್ನಡದ ತಾತಂದಿರ ಜೊತೆ ರಾಜಕೀಯ ಮಾತಾಡಿ ಬರುತ್ತಾನೆ. ಅವಳು ಬಾಣಂತನ ಮುಗಿಸಿ, ವೀಸಾ ಮುಗಿಯುವ ಮುಂಚಿನ ಒಂದು ಶನಿವಾರ ನಯಾಗರಾದ ಮುಂದೆ ನೀಲಿ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ಫೋಟೊಗೆ ನಿಲ್ಲುತ್ತಾಳೆ. ಊರಿಗೆ ಬಂದಾಗ ಎಲ್ಲರೂ ಆ ಫೋಟೊ ನೋಡಿ, ಅಮೆರಿಕ ನೋಡಿಬಂದ ಪುಣ್ಯವಂತೆ ಎನ್ನುತ್ತಾರೆ. ಮೊಮ್ಮಗುವನ್ನು ಎತ್ತಿ ಆಡಿಸಿದ ಸುಖ ಸಣ್ಣದಲ್ಲ, ಅದಕ್ಕೆ ಬೆಲೆ ಕಟ್ಟಲಾಗದು. ಆದರೆ ಅದನ್ನು ಪ್ರವಾಸದ ಲೆಕ್ಕಕ್ಕೆ ಬರೆಯುವುದು ತಪ್ಪು ಶೀರ್ಷಿಕೆಗೆ ಖರ್ಚು ಹಾಕಿದಂತೆ; ನಮ್ಮ ಕಚೇರಿಯಲ್ಲಾದರೆ ಬಿಲ್ಲು ವಾಪಸು ಬರುತ್ತಿತ್ತು.

ಇನ್ನೊಂದು ಮಾತು ಸಭೆಯಲ್ಲಿ ಯಾರೂ ಆಡುವುದಿಲ್ಲ, ನಾನು ಆಡುತ್ತೇನೆ. ಪ್ರಯಾಣದ ದಿನ ನಮ್ಮ ಹೆಂಗಸರು ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಬಸ್ಸು ಎಲ್ಲಿ ನಿಲ್ಲುತ್ತದೋ, ಅಲ್ಲಿ ಶೌಚಾಲಯ ಇರುತ್ತದೋ, ಇದ್ದರೂ ಒಳಗೆ ಕಾಲಿಡುವಂತಿರುತ್ತದೋ ಎಂಬ ಅಂಜಿಕೆ. ಮನೆಗೆ ಬಂದ ಮೇಲೆ ಉರಿಮೂತ್ರ, ಜ್ವರ; ಮುಂದಿನ ಸಲ ನಾನು ಬರಲ್ಲ ನೀವು ಹೋಗಿಬನ್ನಿ ಎನ್ನುತ್ತಾಳೆ. ಅವಳಿಗೆ ತಿರುಗುವ ಆಸೆ ಇಲ್ಲ ಎಂದು ಗಂಡ ತಿಳಿಯುತ್ತಾನೆ. ಪ್ರವಾಸಿ ತಾಣದಲ್ಲಿ ಸ್ವಾಗತ ಕಮಾನು ಕಟ್ಟುವ ದುಡ್ಡಿನಲ್ಲಿ ನೀರಿರುವ, ಚಿಲಕವಿರುವ, ಹಿಡಿದು ಏಳಲು ಒಂದು ಕಂಬಿ ಇರುವ ಶೌಚಾಲಯ ಕಟ್ಟಿದರೆ ಎಷ್ಟೋ ಊರ್ಮಿಳೆಯರು ಮನೆಯಿಂದ ಹೊರಡುತ್ತಾರೆ.

ಮುಗಿಸುವ ಮುಂಚೆ ಮೂರು ಸಲಹೆ. ಮೊದಲನೆಯದು, ಹೊರಟಾಗ ಊರು ಮೊದಲು, ನೆಂಟರ ಮನೆ ಆಮೇಲೆ. ಮೊದಲು ನೆಂಟರ ಮನೆಗೆ ಹೋದರೆ ಊರು ನೋಡುವುದು ನಾಳೆಗೆ ಬೀಳುತ್ತದೆ, ನಾಳೆ ಮಳೆ ಬರುತ್ತದೆ. ಎರಡನೆಯದು, ನಿಮ್ಮ ಮನೆಗೆ ಹಿರಿಯ ದಂಪತಿ ಬಂದರೆ ಒಂದು ಸಾರು, ಒಂದು ಪಲ್ಯ, ಅನ್ನ ಅಥವಾ ಮುದ್ದೆ ಸಾಕು. ಉಳಿದ ಹೊತ್ತಿನಲ್ಲಿ ಆಯಮ್ಮನನ್ನು ನಿಮ್ಮೂರ ಕೆರೆ ಏರಿಗೋ ಗುಡಿಗೋ ಕರೆದುಕೊಂಡು ಹೋಗಿ, ಅಷ್ಟರಲ್ಲಿ ಗಂಡಸರು ಪಾತ್ರೆ ತೊಳೆದಿಡಲಿ. ಮೂರನೆಯದು ಖಜಾನೆಯವನಾಗಿ ಹೇಳುವುದು: ಪ್ರವಾಸದಲ್ಲಿ ಟಿಕೆಟು, ದುಡ್ಡು, ಎಟಿಎಂ ಕಾರ್ಡು ಅವಳ ಕೈಯಲ್ಲಿರಲಿ. ಬಸ್ಸಿನ ಬೋರ್ಡು ಅವಳು ಓದಲಿ, ರೂಮಿನ ಬಾಡಿಗೆ ಅವಳು ವಿಚಾರಿಸಲಿ. ವರ್ಷಕ್ಕೊಮ್ಮೆಯಾದರೂ ಗೆಳತಿಯರ ಜೊತೆ, ನೀವಿಲ್ಲದೆ ಹೋಗಿ ಬರಲಿ. ಶೇ. 50 ಮುಗಿದು ಶೇ. 30 ಶುರುವಾಗುವ ಕಾಲ ಒಂದು ದಿನ ಬರುತ್ತದೆ. ಅಂದು ಕೌಂಟರಿನ ಮುಂದೆ ನಿಂತವಳು ಕರೆದುಕೊಂಡು ಹೋಗುವವರು ಯಾರು ಎಂದು ಕೇಳುವಂತಾಗಬಾರದು.

ಕೊನೆಯದಾಗಿ ದತ್ತಿ ಇಟ್ಟವರಲ್ಲಿ ಒಂದು ಬಿನ್ನಹ. ಮುಂದಿನ ವರ್ಷ ಈ ದತ್ತಿಯ ಬಡ್ಡಿ ಹಣದಲ್ಲಿ ನನ್ನಂಥವನೊಬ್ಬನ ಭಾಷಣ ಬೇಡ. ಒಂದು ಬಸ್ಸು ಗೊತ್ತು ಮಾಡಿ, ಈ ಊರಿನ ಅರವತ್ತು ದಾಟಿದ ಹೆಂಗಸರನ್ನು ಬೆಳಿಗ್ಗೆ ಚುಂಚನಕಟ್ಟೆಗೆ, ಮಧ್ಯಾಹ್ನ ಗೊಮ್ಮಟಗಿರಿಗೆ ಕರೆದೊಯ್ಯಿರಿ. ಕಟ್ಟಿಕೊಳ್ಳುವ ಬುತ್ತಿಯನ್ನು ಯಾರು ಮಾಡುತ್ತಾರೆ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಈ ಸಭೆಯಲ್ಲಿರುವ ಗಂಡಸರ ಹೆಸರನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಚಿತ್ರಾನ್ನಕ್ಕೆ ಈರುಳ್ಳಿ ಹೆಚ್ಚಲು ನಾನು ಬೆಳಿಗ್ಗೆ ಐದಕ್ಕೇ ಬರುತ್ತೇನೆ.